ನಡುದಾರಿಯಲ್ಲಿ ಆಫ್ ಆದ ಪೆಟ್ರೋಲ್ ಕಾರಿಗೆ ಹಾರ್ನ್ ರಿಲೇ
ಸೆಲ್ಫ್ ಜೋರಾಗಿ ತಿರುಗಿದರೂ ಇಂಜಿನ್ ಸ್ಟಾರ್ಟ್ ಆಗದಿದ್ದರೆ, ಫ್ಯೂಯಲ್ ಪಂಪ್ ರಿಲೇ (ಪಂಪಿಗೆ ಕರೆಂಟ್ ಹರಿಸುವ ಪುಟ್ಟ ಸ್ವಿಚ್) ಕಿತ್ತು ಆ ಜಾಗಕ್ಕೆ ಹಾರ್ನ್ ರಿಲೇ ಹಾಕಿ ನೋಡಿ. ಅದಕ್ಕೂ ಮೊದಲು ಸೆಲ್ಫ್ ಹೊಡೆಯದೆ ಕೀ ಮಾತ್ರ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿಗೊಡಿ: ಒಂದೆರಡು ಸೆಕೆಂಡ್ ‘ಗುಂಯ್’ ಅನ್ನಬೇಕು. ಸದ್ದೇ ಇಲ್ಲವೆಂದರೆ ಪಂಪಿಗೆ ಕರೆಂಟ್ ಹೋಗುತ್ತಿಲ್ಲದಿರಬಹುದು. ರಿಲೇ ಒಳಗಿನ ಪಾಯಿಂಟ್ ಕರಕಲಾಗಿ, ಬಿಸಿಯೇರಿದಾಗ ಕೈಕೊಡುವುದುಂಟು. ಎಷ್ಟೋ ಕಾರುಗಳಲ್ಲಿ ಪಂಪಿಗೂ ಹಾರ್ನಿಗೂ ಒಂದೇ ಬಗೆಯ ರಿಲೇ. ಆದರೂ ಮೇಲಿನ ನಂಬರ್, ಪಿನ್ ಹೊಂದುತ್ತವೆಯೇ ನೋಡಿಕೊಂಡು, ಕೀ ಆಫ್ ಮಾಡಿಯೇ ಬದಲಿಸಿ. ಆಮೇಲೆ ಹಾರ್ನ್ ಇರುವುದಿಲ್ಲ, ದಯವಿಟ್ಟು ನಿಧಾನವಾಗಿ ಹೋಗಿ. ಫ್ಯೂಸ್ ಹೋಗಿದ್ದರೆ, ಪಂಪೇ ಸತ್ತಿದ್ದರೆ ಇದು ನಡೆಯದು. ಪಂಪ್ ಸದ್ದು ಬಂದೂ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲುಗದಿದ್ದರೆ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್) ಮೇಲೆ ಅನುಮಾನ. ಇಂಜಿನ್ ತಣ್ಣಗಾದ ಮೇಲೆ ತಾನಾಗಿ ಸ್ಟಾರ್ಟ್ ಆದರಂತೂ ಮೊದಲು ಅದನ್ನೇ ಚೆಕ್ ಮಾಡಿಸಿ.