ಕುದುರೆ ಏರಿ ಹೆನ್ರಿ ಕೋ ಪಾರ್ಕಿಗೆ: ಒಂದು ದಿನದ ಸವಾರಿಗೆ ತಯಾರಿ ಹೇಗೆ?

ಸ್ಯಾನ್ ಹೊಸೆಯಿಂದ ದಕ್ಷಿಣಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಹೆನ್ರಿ ಡಬ್ಲ್ಯೂ. ಕೋ ಸ್ಟೇಟ್ ಪಾರ್ಕ್ ಸಿಗುತ್ತದೆ. ಸುಮಾರು 87,000 ಎಕರೆಯ ಇದು ಉತ್ತರ ಕ್ಯಾಲಿಫೋರ್ನಿಯಾದ ಅತಿ ದೊಡ್ಡ ಸ್ಟೇಟ್ ಪಾರ್ಕ್. ಹಿಂದೆ ಇಲ್ಲಿ ದನ ಮೇಯಿಸುವ ರಾಂಚ್‌ಗಳಿದ್ದವು. ಕೋ ಕುಟುಂಬದ ಮಗಳು ಸೇಡಾ ತಮ್ಮ ರಾಂಚನ್ನು 1953ರಲ್ಲಿ ಜನರ ಬಳಕೆಗೆ ಬಿಟ್ಟುಕೊಟ್ಟರು. ಆ ಕಾಲದ ರಾಂಚ್ ದಾರಿಗಳಲ್ಲಿ ಹಲವು ಇಂದಿಗೂ ಟ್ರೇಲ್‌ಗಳಾಗಿ ಉಳಿದಿವೆ. ಕುದುರೆ ಸವಾರರಿಗೆ ಹೇಳಿ ಮಾಡಿಸಿದ ಜಾಗ.

ಬೇ ಏರಿಯಾದ ನಮ್ಮ ಕನ್ನಡಿಗರಲ್ಲಿ ಮಕ್ಕಳನ್ನು ಸವಾರಿ ಕ್ಲಾಸಿಗೆ ಸೇರಿಸಿ, ಆಮೇಲೆ ತಾವೇ ಜೀನು ಏರಿದವರಿದ್ದಾರೆ. ಆದರೆ ಅಂಗಳದಲ್ಲಿ ಸುತ್ತು ಹಾಕುವುದೇ ಬೇರೆ, ಬೆಟ್ಟ ಹತ್ತಿಸುವುದೇ ಬೇರೆ. ಹಾಗಾಗಿ ಕುದುರೆ ನಿಮ್ಮದಿರಲಿ, ಲೀಸಿಗೆ ಪಡೆದದ್ದಿರಲಿ, ಮೊದಲು ಅದರ ಶಕ್ತಿ ನೋಡಿ, ಆಮೇಲೆ ಮ್ಯಾಪ್ ಬಿಡಿಸಿ.

ಯಾವಾಗ ಹೋಗಬೇಕು?

ಮಾರ್ಚ್ ಕೊನೆಯಿಂದ ಮೇ ಮೊದಲ ವಾರದವರೆಗೆ ಒಳ್ಳೆಯ ಕಾಲ. ಗುಡ್ಡ ಹಸಿರಾಗಿರುತ್ತದೆ, ಕಾಡುಹೂ ಅರಳಿರುತ್ತವೆ, ಹಳ್ಳದಲ್ಲಿ ನೀರಿರುತ್ತದೆ. ಬೇಸಿಗೆಯಲ್ಲಿ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು, ಹಳ್ಳಗಳೂ ಒಣಗುತ್ತವೆ. ಆಗ ಕುದುರೆ ಕರೆದೊಯ್ಯುವುದು ಬೇಡವೇ ಬೇಡ. ಚಳಿಗಾಲದ ದೊಡ್ಡ ಮಳೆಯ ಮರುದಿನವೂ ಬೇಡ, ಹಳ್ಳ ದಾಟಲು ಆಗದಷ್ಟು ತುಂಬಿರಬಹುದು. ಹೊರಡುವ ಹಿಂದಿನ ದಿನ ಪಾರ್ಕಿಗೆ ಫೋನ್ ಮಾಡಿ ಕೇಳಿಬಿಡಿ.

ಯಾವ ಗೇಟು?

ಪಾರ್ಕಿನ ಮುಖ್ಯ ಕಚೇರಿ ಇರುವುದು ಮಾರ್ಗನ್ ಹಿಲ್ ಕಡೆ. ಆ ರಸ್ತೆ ಕಿರಿದು, ತಿರುವು ಜಾಸ್ತಿ. ಕುದುರೆ ಟ್ರೈಲರ್ ಎಳೆದುಕೊಂಡು ಅತ್ತ ಹೋಗುವ ಸಾಹಸ ಬೇಡ. ಗಿಲ್ರಾಯ್ ಬಳಿಯ ಹಂಟಿಂಗ್ ಹಾಲೋ ಗೇಟಿಗೆ ಹೋಗಿ. 101 ಹೆದ್ದಾರಿಯಲ್ಲಿ ಲೀವ್ಸ್‌ಲಿ ರಸ್ತೆಗೆ ಇಳಿದು, ನ್ಯೂ ಅವೆನ್ಯೂ, ರೂಪ್ ರೋಡ್ ಮೂಲಕ ಗಿಲ್ರಾಯ್ ಹಾಟ್ ಸ್ಪ್ರಿಂಗ್ಸ್ ರಸ್ತೆ ಹಿಡಿದರೆ ಸಿಗುತ್ತದೆ. ಇಲ್ಲಿ ಟ್ರೈಲರ್ ತಿರುಗಿಸಲು ಜಾಗವಿದೆ. ಶುಲ್ಕಕ್ಕೆ ಚಿಲ್ಲರೆ ನಗದು ಇಟ್ಟುಕೊಳ್ಳಿ, ಕಾರ್ಡನ್ನೇ ನಂಬಬೇಡಿ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್‌ಗೂ ಭರವಸೆಯಿಲ್ಲ. ಮ್ಯಾಪ್ ಕಾಗದದ್ದೇ ಇರಲಿ. ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ.

ಎಷ್ಟು ದೂರ?

ನಡಿಗೆಯಲ್ಲಿ ಕುದುರೆ ಗಂಟೆಗೆ 3ರಿಂದ 4 ಮೈಲಿ ಸಾಗುತ್ತದೆ. ಏರಿನಲ್ಲಿ ಇನ್ನೂ ಕಡಿಮೆ. ಸೂರ್ಯ ಮುಳುಗುವ ಸಮಯದಿಂದ ಹಿಂದಕ್ಕೆ ಎಣಿಸಿ, ಎರಡು ಗಂಟೆ ಸುಮ್ನೆ ಕೈಯಲ್ಲಿಟ್ಟುಕೊಂಡು, ಉಳಿದದ್ದರಲ್ಲಿ ದಾರಿ ಆರಿಸಿ.

ಮೊದಲ ಸಲವಾದರೆ ಹಂಟಿಂಗ್ ಹಾಲೋ ಕಣಿವೆಯ ದಾರಿಯೇ ಸಾಕು. ಸುಮಾರು 3 ಮೈಲಿ ಹೆಚ್ಚುಕಡಿಮೆ ಸಮತಟ್ಟು. ಮತ್ತೆ ಮತ್ತೆ ಹಳ್ಳ ದಾಟಬೇಕು, ಅಷ್ಟೇ. ನೀರಿಗೆ ಕಾಲಿಡಲು ಹಿಂಜರಿಯುವ ಕುದುರೆಗೆ ಇದೇ ಒಳ್ಳೆಯ ಪಾಠಶಾಲೆ. ಪಳಗಿದ ಕುದುರೆಯನ್ನು ಮುಂದೆ ಬಿಡಿ, ಹಿಂದಿನದು ತಾನಾಗಿ ಬರುತ್ತದೆ. ಲೈಮನ್ ವಿಲ್ಸನ್ ರಿಜ್ ಟ್ರೇಲ್‌ನಂಥ ದಾರಿಗಳು ನೇರ ಏರು. ಮೇಲಿನ ನೋಟ ಚೆನ್ನಾಗಿದೆ ನಿಜ. ಆದರೆ ವಾರಗಟ್ಟಲೆ ಗುಡ್ಡ ಹತ್ತಿ ರೂಢಿಯಾದ ಕುದುರೆಗೆ ಮಾತ್ರ ಅದು.

ತೂಕದ ಲೆಕ್ಕವೂ ಇದೆ. ಸವಾರ, ಜೀನು, ಚೀಲ ಎಲ್ಲ ಸೇರಿ ಕುದುರೆಯ ತೂಕದ 20 ಶೇಕಡಾ ಮೀರಬಾರದು. 450 ಕಿಲೋ ಕುದುರೆಗೆ 90 ಕಿಲೋ. ಇಂಥ ಏರಿನಲ್ಲಿ ಅದಕ್ಕಿಂತ ಕಡಿಮೆ ಇದ್ದಷ್ಟೂ ಒಳ್ಳೆಯದು.

ಏನೇನು ಒಯ್ಯಬೇಕು?

ಎಲ್ಲಕ್ಕಿಂತ ಮೊದಲು ನೀರು. ಕುದುರೆ ದಿನಕ್ಕೆ 20ರಿಂದ 40 ಲೀಟರ್ ಕುಡಿಯುತ್ತದೆ, ಬೆವರಿದರೆ ಇನ್ನೂ ಜಾಸ್ತಿ. ಕೆಲವು ಕುದುರೆಗಳು ಊರು ಬದಲಾದರೆ ನೀರಿಗೆ ಮೂತಿಯನ್ನೇ ಇಡುವುದಿಲ್ಲ. ಹಾಗಾಗಿ ಲಾಯದ ನೀರನ್ನೇ ಕ್ಯಾನಿನಲ್ಲಿ ತುಂಬಿ ಟ್ರೈಲರ್‌ನಲ್ಲಿಡಿ. ಜೊತೆಗೆ ಬಕೆಟ್, ಒಣಹುಲ್ಲು, ಗೊರಸು ಕೆರೆಯುವ ಕೊಕ್ಕೆ, ಚಾಕು, ಬ್ಯಾಂಡೇಜ್, ಹಾಲ್ಟರ್ (ಬಾಯಿಗೆ ಕಡಿವಾಣವಿಲ್ಲದ ಮುಖಪಟ್ಟಿ) ಮತ್ತು ಹಗ್ಗ. ಊಟಕ್ಕೆ ನಿಂತಾಗ ಲಗಾಮಿನಿಂದ ಮರಕ್ಕೆ ಕಟ್ಟಬಾರದು. ಬೆದರಿ ಹಿಂದಕ್ಕೆ ಎಳೆದರೆ ಕಡಿವಾಣದಿಂದ ಬಾಯಿ ಹರಿಯುತ್ತದೆ. ಹಾಲ್ಟರ್ ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವಂತೆ ಕಟ್ಟಿ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ. ಕೌಬಾಯ್ ಟೋಪಿ ಫೋಟೊಕ್ಕೆ ಮಾತ್ರ. ಲಾಳ ಸಡಿಲವಾಗಿದೆಯೇ ಎಂದು ವಾರದ ಮುಂಚೆಯೇ ನೋಡಿಸಿ.

ದಾರಿಯಲ್ಲಿ

ಎರಡು ಕುದುರೆಗಳ ನಡುವೆ ಕನಿಷ್ಠ ಒಂದು ಕುದುರೆಯಷ್ಟು ಅಂತರವಿರಲಿ. ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರೆ ಅದು ಒದೆಯುವ ಕುದುರೆ, ಇನ್ನೂ ದೂರ ಇರಿ. ಸೈಕಲ್ಲಿನವರು, ನಡೆಯುವವರು ಕುದುರೆಗೆ ದಾರಿ ಬಿಡಬೇಕೆಂಬುದು ಟ್ರೇಲ್ ನಿಯಮ. ಆದರೂ ನೀವೇ ಮೊದಲು ಮಾತಾಡಿಸಿ. ಅವರು ತಿರುಗಿ "ಹಲೋ" ಅಂದರೆ ಸಾಕು, ಬೆನ್ನಿಗೆ ದೊಡ್ಡ ಚೀಲ ಹೊತ್ತ ಆಕಾರ ಮನುಷ್ಯನೇ ಎಂದು ಕುದುರೆಗೆ ಗೊತ್ತಾಗುತ್ತದೆ.

ಏರು ಹತ್ತಿ ನಿಂತಾಗ ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿ. 10-15 ನಿಮಿಷದಲ್ಲಿ ನಿಮಿಷಕ್ಕೆ 64ರ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಆ ದಿನದ ಸವಾರಿ ಅಲ್ಲಿಗೇ ಮುಗಿಯಿತು. ನೆರಳಲ್ಲಿ ನಿಲ್ಲಿಸಿ, ಜೀನಿಳಿಸಿ, ನೀರು ಕೊಡಿ, ಆಮೇಲೆ ನಡೆಸಿಕೊಂಡೇ ವಾಪಸ್ ಬನ್ನಿ.

ಮರಳಿದ ಮೇಲೆ

ಕೊನೆಯ ಮೈಲಿಯನ್ನು ನಿಧಾನವಾಗಿ ನಡೆಸಿ, ಮೈ ತಣಿಯಲಿ. ಟ್ರೈಲರ್ ಹತ್ತಿಸುವ ಮೊದಲು ಗೊರಸಿನಲ್ಲಿ ಸಿಕ್ಕ ಕಲ್ಲು ತೆಗೆಯಿರಿ, ಕಾಲುಗಳನ್ನು ಮುಟ್ಟಿ ನೋಡಿ. ಪಾರ್ಕಿಂಗ್‌ನಲ್ಲಿ ಬಿದ್ದ ಲದ್ದಿಯನ್ನು ನೀವೇ ಎತ್ತಬೇಕು. ಇಲ್ಲಿ ರಕ್ತ ಹೀರುವ ಉಣ್ಣೆ ಹುಳದ (ಟಿಕ್) ಕಾಟ ಇದೆ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಉಣ್ಣೆಯ ಬಗ್ಗೆ ಹೇಳಬೇಕಿಲ್ಲ ಅಲ್ವಾ, ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಕುದುರೆಯ ಕಿವಿ, ಕೇಸರ, ಬಾಲದ ಬುಡ, ನಿಮ್ಮ ಕಾಲುಚೀಲದ ಒಳಗೆಲ್ಲ ಹುಡುಕಿ. ಇನ್ನೊಂದು, ಪಾಯ್ಸನ್ ಓಕ್. ಆ ಗಿಡದ ಎಣ್ಣೆ ಕುದುರೆಯ ರೋಮಕ್ಕೆ, ರಿಕಾಪಿಗೆ, ಲಗಾಮಿಗೆ ಅಂಟಿಕೊಂಡು ಮರುದಿನ ನಿಮ್ಮ ಕೈಗೆ ತುರಿಕೆ ಹತ್ತಿಸುತ್ತದೆ. ಕೈಗವಸು ಹಾಕಿಕೊಂಡು ಸಾಮಾನೆಲ್ಲ ಒರೆಸಿ, ಬಟ್ಟೆಯನ್ನು ಮನೆಯವರ ಬಟ್ಟೆಗಳ ಜೊತೆ ಸೇರಿಸದೆ ಬೇರೆಯಾಗಿ ಒಗೆಯಿರಿ.