ಕಟ್ಟಿಗೆಯ ಗಂಟು ನೋಡಿ ತಂಬೂರಿ ಹುಡುಕಿದ್ದು

ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಗಿಟಾರ್ ಕಲಿಸುತ್ತೇನೆ. ಹುಡುಗರು ಮನೆಗೆ ಹೋದಮೇಲೆ ನನ್ನದೊಂದು ಚಟ ಶುರುವಾಗುತ್ತದೆ. ಹೆಸರಾಂತ ವಾದಕರ ಕೈಯಲ್ಲಿದ್ದ ಹಳೆ ಗಿಟಾರುಗಳು ಈಗ ಎಲ್ಲಿವೆ, ಯಾರಿಂದ ಯಾರಿಗೆ ದಾಟಿದವು ಅಂತ ಬರೆದಿಡುವುದು. ಎರಡು ನೋಟ್‌ಬುಕ್ ತುಂಬಿವೆ. ಪೀಟರ್ ಗ್ರೀನ್ ಬಾರಿಸುತ್ತಿದ್ದ 1959ರ ಲೆಸ್ ಪಾಲ್ (ಗಿಬ್ಸನ್ ಕಂಪನಿಯ ಒಂದು ಗಿಟಾರ್) ಗ್ಯಾರಿ ಮೂರ್ ಕೈಗೆ ಹೋಗಿ, ಕೊನೆಗೆ 2014ರಲ್ಲಿ ಕರ್ಕ್ ಹ್ಯಾಮೆಟ್‌ಗೆ ಸೇರಿದ್ದು ಒಂದು ಪುಟ. ಪಾಲ್ ಮೆಕಾರ್ಟ್ನಿಯ ಹಾಫ್ನರ್ ಬೇಸ್ ಗಿಟಾರ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಗಿ, ಐವತ್ತು ವರ್ಷದ ಮೇಲೆ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದ್ದು ಇನ್ನೊಂದು ಪುಟ. ನನ್ನ ಹೆಂಡತಿ ಇದಕ್ಕೆ ‘ಮಂದಿ ಆಸ್ತಿ ಲೆಕ್ಕ’ ಅಂತಾಳೆ. ತಪ್ಪೇನಿಲ್ಲ.

ಎರಡು ವರ್ಷದ ಹಿಂದೆ ಈ ಚಟ ನಮ್ಮ ಊರಿನ ಕೆಲಸಕ್ಕೇ ಬಂತು. ಧಾರವಾಡದ ಒಬ್ಬ ಹಿಂದೂಸ್ತಾನಿ ಗಾಯಕರ ಮನೆಯವರು ಕರೆಸಿದರು. ಗಾಯಕರು ತೀರಿಕೊಂಡು ಬಹಳ ವರ್ಷವಾಯಿತು. ಹೆಸರು ಬರೆಯಬೇಡಿ ಅಂದಿದ್ದಾರೆ, ಹಾಗಾಗಿ ಬರೆಯುವುದಿಲ್ಲ. ಅವರ ಹತ್ತಿರ ಮಿರಜದ ಜೋಡಿ ತಂಬೂರಿ ಇದ್ದವು. ಈಗ ಮನೆಯಲ್ಲಿ ಇರುವುದು ಎರಡು ಖಾಲಿ ಗವಸಣಿಗೆ ಮಾತ್ರ. ‘ನೀವು ಫಾರಿನ್ ಗಿಟಾರ್ ಹುಡುಕತೀರಂತ, ನಮ್ಮ ತಂಬೂರಿ ಹುಡುಕಿ ಕೊಡ್ರೆಲಾ’ ಅಂದರು ಗಾಯಕರ ಮಗಳು. ಎಪ್ಪತ್ತು ದಾಟಿದ ಹಿರಿಯರು. ಇಲ್ಲ ಅನ್ನಲಿಕ್ಕೆ ಆಗಲಿಲ್ಲ.

ಗಿಟಾರ್ ಆದರೆ ಹಿಡಿಯಲಿಕ್ಕೆ ಏನಾದರೂ ಇರುತ್ತದೆ. ಐವತ್ತರ ದಶಕದ ಲೆಸ್ ಪಾಲ್‌ನ ತಲೆಯ ಹಿಂದೆ ಶಾಯಿಯಲ್ಲಿ ಒತ್ತಿದ ನಂಬರ್ ಇರುತ್ತದೆ, ಮೊದಲ ಅಂಕಿಯೇ ವರ್ಷ. 9 ಅಂದರೆ 1959. ಒಳಗೆ ದನಿ ಏರಿಳಿಸುವ ವಾಲ್ಯೂಮ್ ಪಾಟಿನ ಮೇಲೂ ಅಂಕಿಗಳಿರುತ್ತವೆ. ಯಾವ ಕಂಪನಿ, ಯಾವ ವರ್ಷ, ಎಷ್ಟನೇ ವಾರ ಎಲ್ಲ ಅದರಲ್ಲೇ ಬರುತ್ತದೆ. ತಂಬೂರಿಗೆ ಇದ್ಯಾವುದೂ ಇಲ್ಲ. ಮಿರಜದ ಸತಾರಮೇಕರ್ ಗಲ್ಲಿಯಲ್ಲಿ ಒಣಗಿದ ಕಾಯಿಯ ಬುರುಡೆ ಆರಿಸಿ, ತುಣ ಮರದ ದಂಡಿ ಕೂಡಿಸಿ, ಕೈಯಲ್ಲೇ ಮಾಡಿ ಕೊಟ್ಟಿದ್ದು. ನಂಬರ್ ಒತ್ತುವ ಪದ್ಧತಿ ಎಲ್ಲಿಂದ ಬರಬೇಕು?

ಆಗ ನೆನಪಾದದ್ದು ರ‍್ಯಾಂಡಿ ಬಾಕ್‌ಮನ್ ಗಿಟಾರ್. ಕೆನಡಾದ ಗಿಟಾರ್ ವಾದಕರು. ಗ್ರೆಚ್ ಕಂಪನಿಯ 1957ರ ಕಿತ್ತಳೆ ಬಣ್ಣದ ಗಿಟಾರ್ ಅದು. 1976ರಲ್ಲಿ ಟೊರಾಂಟೊದ ಹೋಟೆಲಿನಿಂದ ಕಳುವಾಯಿತು. ನಲವತ್ತು ವರ್ಷ ಕಳೆದಮೇಲೆ ಅವರ ಅಭಿಮಾನಿಯೊಬ್ಬರು ಮನೆಯಲ್ಲೇ ಕೂತು, ಹಳೆ ವಿಡಿಯೊದಲ್ಲಿ ಕಂಡ ಕಟ್ಟಿಗೆಯ ಗಂಟನ್ನು ಗಿಟಾರ್ ಅಂಗಡಿಗಳ ಫೋಟೊಗಳ ಜೊತೆ ಒಂದೊಂದಾಗಿ ಹೋಲಿಸುತ್ತ ಹೋದರು. ಟೋಕಿಯೊದ ಒಂದು ಅಂಗಡಿಯಲ್ಲಿ ತಾಳೆಯಾಯಿತು. 2022ರ ಜುಲೈ 1ರಂದು ಅದು ಬಾಕ್‌ಮನ್ ಕೈಗೆ ಬಂತು. ಪಾಲಿಶ್ ಬದಲಾಗಬಹುದು, ಬಿರಡೆ ಬದಲಾಗಬಹುದು. ಮರದೊಳಗಿನ ಗೆರೆ ಮತ್ತು ಗಂಟು ಎಲ್ಲಿಗೆ ಹೋಗುತ್ತವೆ?

ತಂಬೂರಿಯ ತಬಲಿಯೂ ಕಟ್ಟಿಗೆಯದೇ ಅಲ್ವಾ. ಬುರುಡೆಯ ಬಾಯಿ ಮುಚ್ಚುವ, ಕುದುರೆ (ತಂತಿಗಳನ್ನು ಹೊರುವ ಸಣ್ಣ ಸೇತುವೆ) ಕೂರುವ ಹಲಗೆ ಅದು. ನನಗೆ ಬೇಕಾಗಿದ್ದು ಆ ಹಲಗೆ ಕಾಣುವ ಹಳೆ ಫೋಟೊ, ಅಷ್ಟೇ.

ಪೇಪರಿನ ಕತ್ತರಿಕೆಗಳು ಒಂದು ಪೆಟ್ಟಿಗೆ ತುಂಬ ಇದ್ದವು. ಕೆಲಸಕ್ಕೆ ಬರಲಿಲ್ಲ. ಪೇಪರಿನಲ್ಲಿ ಚಿತ್ರ ಅಚ್ಚಾಗುವುದು ಚುಕ್ಕಿಗಳಲ್ಲಿ. ದೊಡ್ಡದು ಮಾಡಿದಷ್ಟೂ ಚುಕ್ಕಿಯೇ ದೊಡ್ಡದಾಗುತ್ತದೆ. ಸ್ಟುಡಿಯೊ ಪ್ರಿಂಟ್ ಬೇಕು. ಪುಣ್ಯಕ್ಕೆ ಎರಡು ಸಿಕ್ಕವು, ಬೇರೆ ಬೇರೆ ಕಛೇರಿಯವು. ಸ್ಕ್ಯಾನ್ ಮಾಡಿ ನೋಡಿದರೆ ಒಂದರಲ್ಲಿ ಕುದುರೆಯ ಎಡಕ್ಕೆ, ಸ್ವಲ್ಪ ಕೆಳಗೆ, ಅಕ್ಕಿಕಾಳಿನಷ್ಟು ಕಪ್ಪು ಗಂಟು. ಅದರ ಸುತ್ತ ಮರದ ಗೆರೆ ಹೊಳೆ ನೀರು ಬಂಡೆ ಸುತ್ತಿದಂತೆ ಬಳಸಿ ಹೋಗಿತ್ತು. ಇನ್ನೊಂದರಲ್ಲೂ ಅಂಥದೇ ಗಂಟು, ಆದರೆ ಕುದುರೆಯ ಬಲಕ್ಕೆ.

ಒಂದೇ ಫೋಟೊದಲ್ಲಿ ಇದ್ದಿದ್ದರೆ ನೆಗೆಟಿವ್ ಗೀರು ಅಂತ ಬಿಡುತ್ತಿದ್ದೆ. ಎರಡರಲ್ಲೂ ಇದೆ, ಆದರೆ ದಿಕ್ಕು ಬೇರೆ. ಜೋಡಿ ತಂಬೂರಿ, ಒಂದೊಂದರಲ್ಲಿ ಒಂದೊಂದು ಗಂಟು ಅಂತ ನಾನೇ ತೀರ್ಮಾನ ಮಾಡಿ, ಎರಡು ತಂಬೂರಿಯ ಎರಡು ನಕ್ಷೆ ಬರೆದುಕೊಂಡೆ. ಒಂದು ವಾರ ಹಾಳು.

ಗುಟ್ಟು ಬಿಡಿಸಿದ್ದು ಒಂಬತ್ತನೇ ಕ್ಲಾಸಿನ ನನ್ನ ಶಿಷ್ಯ. ಅವನು ಎಡಚ. ಗಿಟಾರಿಗೆ ತಂತಿ ತಿರುಗಾಮುರುಗಾ ಹಾಕಿಸಿಕೊಂಡವನು. ಮೇಜಿನ ಮೇಲಿದ್ದ ಎರಡನೇ ಫೋಟೊ ನೋಡಿ, ‘ಸರ, ಇವ್ರೆಲ್ಲಾ ನನ್ನಂಗ ಎಡಚರೇನ್ರಿ?’ ಅಂದ. ನೋಡಿದೆ. ಹಾರ್ಮೋನಿಯಂನವರ ಎಡಗೈ ಮನೆಗಳ ಮೇಲೆ, ಬಲಗೈ ತಿದಿಯ ಮೇಲೆ. ತಬಲಾದವರ ಎಡಗೈಯಲ್ಲಿ ಸಣ್ಣ ತಬಲಾ, ಬಲಗೈಯಲ್ಲಿ ಡಗ್ಗಾ. ಒಬ್ಬರು ಎಡಚರು ಅಂದರೆ ಒಪ್ಪೋಣ, ಇಬ್ಬರೂ? ಸ್ಟುಡಿಯೊದವರು ನೆಗೆಟಿವ್ ತಿರುವಿ ಹಾಕಿ ಪ್ರಿಂಟ್ ತೆಗೆದಿದ್ದರು. ಕಂಪ್ಯೂಟರಿನಲ್ಲಿ ಫೋಟೊ ಹೊರಳಿಸಿದ ತಕ್ಷಣ ಎರಡೂ ಗಂಟು ಕುದುರೆಯ ಎಡಕ್ಕೇ ಕೂತವು. ಎರಡು ಫೋಟೊದಲ್ಲಿ ಇದ್ದದ್ದು ಒಂದೇ ತಂಬೂರಿ. ಅವತ್ತು ಅವನಿಗೆ ಗಿರ್ಮಿಟ್ ನನ್ನ ಲೆಕ್ಕದಲ್ಲಿ.

ಗುರುತು ಸಿಕ್ಕಿತು. ಆದರೆ ವಸ್ತು ಎಲ್ಲಿ? ‘ತಂಬೂರಿ ಎಲ್ಲಿ ಹೋಯಿತು’ ಅಂತ ಕೇಳಿದರೆ ಎಲ್ಲರೂ ಊಹೆ ಹೇಳುತ್ತಾರೆ. ನಾನು ಬೇರೆ ಥರ ಕೇಳಿದೆ: ಈ ಫೋಟೊದಲ್ಲಿ ಹಿಂದೆ ಕೂತು ತಂಬೂರಿ ಮೀಟುತ್ತಿರುವ ಹುಡುಗ ಯಾರು? ಗುರುಗಳ ಹಿಂದೆ ತಂಬೂರಿ ಹಿಡಿಯುವವರು ಶಿಷ್ಯರೇ. ರೈಲಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬರುವವರೂ ಅವರೇ. ಗಿಟಾರ್ ಹುಡುಕುವಾಗಲೂ ಅಷ್ಟೇ, ವಾದಕರಿಗಿಂತ ಅವರ ಸಾಮಾನು ಹೊರುವವರಿಗೆ ಜಾಸ್ತಿ ಗೊತ್ತಿರುತ್ತದೆ. ಮಗಳು ಕನ್ನಡಕ ಏರಿಸಿ ನೋಡಿ ಇಬ್ಬರ ಹೆಸರು ಹೇಳಿದರು.

ಮೊದಲನೆಯ ಜಾಡು ಹುಬ್ಬಳ್ಳಿಯ ಒಂದು ದೊಡ್ಡ ಮನೆಗೆ ಹೋಯಿತು. ಹಾಲಿನಲ್ಲಿ ಗಾಜಿನ ಕಪಾಟು, ಒಳಗೆ ಮಿರಿಮಿರಿ ಮಿಂಚುವ ತಂಬೂರಿ, ಪಕ್ಕದಲ್ಲಿ ಫ್ರೇಮು ಹಾಕಿದ ಕಾಗದ. ಎಲ್ಲ ಸರಿ, ಗಂಟು ಮಾತ್ರ ಇಲ್ಲ. ಗೆರೆಗಳೂ ನೇರ, ಅಂಚಿನಿಂದ ಅಂಚಿಗೆ. ಅಲ್ಲ ಅಂತ ಹೇಳಬೇಕಾಯಿತು. ಯಜಮಾನರು, ‘ಹಂಗಾರ ನಮ್ಮ ಅಪ್ಪಾರು ಸುಳ್ಳ ಹೇಳತಿದ್ರೇನ್ರಿ?’ ಅಂದರು. ಸುಳ್ಳಲ್ಲ. ‘ಗುರುಗಳದಂಥ ತಂಬೂರಿ’ ಅನ್ನುವ ಮಾತು ಒಂದು ತಲೆಮಾರು ದಾಟಿದರೆ ‘ಗುರುಗಳ ತಂಬೂರಿ’ ಆಗುತ್ತದೆ. ಆದರೆ ಅದನ್ನು ಅವರ ಮುಂದೆ ಹೇಳುವ ಧೈರ್ಯ ಬರಲಿಲ್ಲ. ಅವಲಕ್ಕಿ ತಿಂದು, ಚಹಾ ಕುಡಿದು ಎದ್ದು ಬಂದೆ.

ಎರಡನೆಯ ಶಿಷ್ಯರು ಗದಗಿನ ಕಡೆ ಸಂಗೀತ ಮಾಸ್ತರರಾಗಿದ್ದರು. ಅವರೂ ಈಗಿಲ್ಲ. ನಿವೃತ್ತಿಯಾದಾಗ ತಂಬೂರಿಯನ್ನು ತಮ್ಮ ಊರಿನ ಮಠದ ಭಜನಾ ಮೇಳಕ್ಕೆ ಕೊಟ್ಟಿದ್ದರಂತೆ. ಹೋದೆ. ಮಠದ ಗೋಡೆಯ ಮೊಳೆಗೆ, ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ, ತೂಗು ಹಾಕಿದ್ದರು. ದೀಪದ ಎಣ್ಣೆ ಜಿಡ್ಡು, ಊದಿನಕಡ್ಡಿ ಹೊಗೆ. ತಬಲಿ ಕಪ್ಪಗೆ ಹಂಚಿನಂತೆ ಕಾಣುತ್ತಿತ್ತು.

ಬಾಗಿಲು ಕಿಟಕಿ ಮುಚ್ಚಿಸಿದೆ. ಬೆಳಕನ್ನು ಎದುರಿಗೆ ಹಿಡಿದರೆ ಪಾಲಿಶ್ ಹೊಳೆಯುತ್ತದೆ, ಮರ ಕಾಣುವುದಿಲ್ಲ. ಟಾರ್ಚನ್ನು ಹಲಗೆಗೆ ತಾಗುವ ಹಾಗೆ ಅಡ್ಡ ಮಲಗಿಸಬೇಕು. ಒಣ ಮಲ್‌ಬಟ್ಟೆಯಿಂದ ಮೆಲ್ಲಗೆ ಒರೆಸಿ ಟಾರ್ಚ್ ಮಲಗಿಸಿದೆ. ಕುದುರೆಯ ಎಡಕ್ಕೆ, ಸ್ವಲ್ಪ ಕೆಳಗೆ, ಅಕ್ಕಿಕಾಳು. ಸುತ್ತ ಬಳಸಿ ಹೋದ ಗೆರೆ. ಕುದುರೆ ಜರುಗಿಸಿರಬಹುದು ಅಂತ ಅನುಮಾನಕ್ಕೆ, ಗಂಟಿನಿಂದ ತಬಲಿಯ ಅಂಚಿಗೆ ಎಷ್ಟು, ತಬಲಿಯ ಅಗಲ ಎಷ್ಟು ಅಂತ ಅಳೆದು ಭಾಗಿಸಿದೆ. ಫೋಟೊದಲ್ಲಿ ಇಂಚು ಸಿಗುವುದಿಲ್ಲ, ಪ್ರಮಾಣ ಸಿಗುತ್ತದೆ. ತಾಳೆಯಾಯಿತು. ಕೈ ನಡುಗಿ ಟಾರ್ಚ್ ಬಿತ್ತು. ಪುಣ್ಯ, ತಂಬೂರಿ ಮೇಲಲ್ಲ.

ಆದರೆ ಬುರುಡೆ ಹಳೆಯದಲ್ಲ. ಫೋಟೊದಲ್ಲಿ ದುಂಡಗೆ, ಇಲ್ಲಿ ಸ್ವಲ್ಪ ಚಪ್ಪಟೆ. ಮೇಳದ ಹಿರಿಯರು ಸಂಕೋಚದಿಂದ ಹೇಳಿದರು: ‘ಜಾತ್ರ್ಯಾಗ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದು ಒಡೀತ್ರಿ. ಮಿರಜಿಗೆ ಒಯ್ದು ಹೊಸಾ ಬುರುಡಿ ಕೂಡಿಸ್ಕೊಂಡ ಬಂದ್ವಿ.’ ಬುರುಡೆ ಬದಲಾದ ಮೇಲೂ ಅದೇ ತಂಬೂರಿಯೇ? ನನ್ನ ಮಟ್ಟಿಗೆ ಹೌದು. ಗಿಟಾರ್ ವಾದಕ ಪೀಟರ್ ಫ್ರಾಂಪ್ಟನ್‌ನ ಲೆಸ್ ಪಾಲ್ 1980ರಲ್ಲಿ ವೆನೆಜುವೆಲಾದ ವಿಮಾನ ಅಪಘಾತದಲ್ಲಿ ಸುಟ್ಟು ಹೋಯಿತು ಅಂದುಕೊಂಡಿದ್ದರು. 2011ರಲ್ಲಿ ಕುತ್ತಿಗೆ ಕರಕಲಾಗಿ ವಾಪಸ್ ಬಂತು. ರಿಪೇರಿ ಮಾಡಿಸಿ ಮತ್ತೆ ಬಾರಿಸಿದರು. ಅದು ಬೇರೆ ಗಿಟಾರ್ ಅಂತ ಯಾರೂ ಅನ್ನಲಿಲ್ಲ.

ಮುಂದಿನ ವಾರ ಮಗಳನ್ನು ಕರೆದುಕೊಂಡು ಹೋದೆ. ಕಣ್ಣೀರು ಬರುತ್ತದೆ ಅಂದುಕೊಂಡಿದ್ದೆ. ಅವರು ಮಡಿಲಲ್ಲಿ ಇಟ್ಟುಕೊಂಡು ನಾಲ್ಕೂ ತಂತಿ ಮೀಟಿ, ‘ಧ್ವನಿ ಬ್ಯಾರೆ ಆಗೇದ’ ಅಂದರು. ಬುರುಡೆ ಹೊಸದು, ಆಗಲೇಬೇಕು. ಆಮೇಲೆ ಕುದುರೆಯ ಮೇಲೆ ಬೆರಳಾಡಿಸಿ, ‘ಜವಾರಿ ಯಾರು ತಗದಾರ? ಪೂರ್ತಿ ಕೆಡಿಸ್ಯಾರ’ ಅಂತ ಬೈದರು. ಜವಾರಿ ತೆಗೆಯುವುದು ಅಂದರೆ ತಂತಿ ಝೇಂಕರಿಸುವ ಹಾಗೆ ಕುದುರೆಯ ಮೈಯನ್ನು ಉಜ್ಜಿ ಹದ ಮಾಡುವುದು. ಹಿರಿಯರು ತಲೆ ಕೆಳಗೆ ಹಾಕಿದರು. ಒಯ್ಯುತ್ತೀರಾ ಅಂತ ಯಾರೋ ಕೇಳಿದ್ದಕ್ಕೆ, ‘ಮನ್ಯಾಗ ಹಾಡೋರ ಯಾರ ಇದ್ದಾರ? ಇಲ್ಲೇ ಇರ್ಲಿ. ಮೊಳಿಗೆ ಮಾತ್ರ ಹಾಕಬ್ಯಾಡ್ರಿ’ ಅಂದು ಚೀಲದಿಂದ ಹಳೆ ಗವಸಣಿಗೆ ತೆಗೆದರು. ಹೊಸ ಬುರುಡೆಗೆ ಅದು ಸ್ವಲ್ಪ ಬಿಗಿ. ಒಂದು ಹೊಲಿಗೆ ಬಿಚ್ಚಿದಮೇಲೆ ಕೂತಿತು.

ಇನ್ನೊಂದು ಗವಸಣಿಗೆ ಇನ್ನೂ ಖಾಲಿ. ಆ ತಂಬೂರಿಯ ಸ್ಟುಡಿಯೊ ಪ್ರಿಂಟ್ ಇನ್ನೂ ಸಿಕ್ಕಿಲ್ಲ. ಇರುವುದೊಂದು ಮದುವೆ ಫೋಟೊ, ಅದರಲ್ಲಿ ಅರ್ಧ ತಬಲಿಗೆ ಯಾರದೋ ಪಟಗ ಅಡ್ಡ ಬಂದಿದೆ. ಮೊನ್ನೆ ಹಾವೇರಿಯಿಂದ ಒಬ್ಬರು ವಾಟ್ಸಾಪಿನಲ್ಲಿ ಒಂದು ತಂಬೂರಿ ಕಳಿಸಿದ್ದರು. ಫ್ಲ್ಯಾಶ್ ಹಾಕಿ ತೆಗೆದದ್ದು, ತಬಲಿ ಪೂರ್ತಿ ಬೆಳ್ಳಗೆ. ‘ಅಣ್ಣಾರ, ಲೈಟ್ ಆರಿಸಿ, ಟಾರ್ಚ್ ಅಡ್ಡ ಹಿಡದು ಇನ್ನೊಂದು ತಗೀರಿ’ ಅಂತ ಬರೆದಿದ್ದೇನೆ.