ಅಂಚಿನಿಂದ ನಡುವಿಗೆ: ಉಬ್ಬದ ಕೌದಿ

ಧಾರವಾಡದ ಕಡೆ ನಾವು ಕೌದಿ ಹೊಲಿಯುವುದು ಹೇಗೆಂದು ಗೊತ್ತೇ ಇದೆ. ತುಂಡುಗಳನ್ನೆಲ್ಲ ಮೊದಲೇ ಹರವಿ, ಜಾರದಂತೆ ದೊಡ್ಡ ದೊಡ್ಡ ಹೊಲಿಗೆಯ ಕಚ್ಚಾ ಟಾಕಿ ಹಾಕಿ, ಒಂದು ತುದಿಯಿಂದ ಸಾಲು ಹಿಡಿಯುವುದು. ನಾನು ಅದನ್ನು ಬಿಟ್ಟು, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ತಮ್ಮ ಕೌದಿಯಾದ ಕವಂದಿ ಹೊಲಿಯುವ ಹಾಗೆ ಮೂಲೆಯಿಂದ ಶುರು ಮಾಡಿ ಅಂಚು ಸುತ್ತುತ್ತ ಒಳಗೆ ಬರುತ್ತೇನೆ ಎಂದಾಗ ಅತ್ತೆ ನಕ್ಕರು. "ಸುಕ್ಕೆಲ್ಲ ನಡುವ ಬಂದು ಕುಂಡ್ರತಾವ, ನೋಡವಾ."

ಮೊದಮೊದಲು ಕೂತವು ಕೂಡ. ಒಂದಕ್ಕೆ ಒಳಪದರ ಪಾಲಿಸ್ಟರ್ ಸೀರೆ. ಸೂಜಿ ಏರಿದಂತೆಲ್ಲ ಜಾರಿ, ನಡುವೆ ಬುಟ್ಟಿ ಮುಚ್ಚಿದಷ್ಟು ಉಬ್ಬು. ದಾರ, ಅಡಿ ಅರಿವಿ ಸೇರಿ ಆರೇಳುನೂರು ರೂಪಾಯಿ ಹೋಯಿತು. ಅದನ್ನೀಗ ಜೋಳದ ಚೀಲಕ್ಕೆ ಹೊದಿಸಿದ್ದೇನೆ.

ಗುಟ್ಟು ಇದ್ದದ್ದು ಸುತ್ತಿನಲ್ಲಲ್ಲ, ತುಂಡಿನಲ್ಲಿ. ಸಿದ್ದಿ ಹೆಂಗಸರು ಮೊದಲೇ ಹರವುವುದಿಲ್ಲ. ಒಂದೊಂದೇ ತುಂಡು ಇಟ್ಟು, ಅಂಚು ಒಳಮಡಚಿ, ಅಲ್ಲೇ ಹೊಲಿಯುತ್ತ ಸಾಗುತ್ತಾರೆ. ಹಿಂದಿನ ಸುತ್ತಿನ ಸಡಿಲನ್ನು ಮುಂದಿನ ತುಂಡು ನುಂಗಿಕೊಳ್ಳುತ್ತದೆ. ನಾನು ಬರೀ ಹತ್ತಿ, ಅದೂ ಚೆನ್ನಾಗಿ ಸವೆದ ಧೋತರ ಮತ್ತು ಇಳಕಲ್ ಸೀರೆ ಮಾತ್ರ ಹಾಕುತ್ತೇನೆ. ಸಾಲಿಗೂ ಸಾಲಿಗೂ ಕಿರುಬೆರಳಿನ ಅಗಲ. ಕೊನೆಯ ಒಂದು ಗೇಣು ಉಳಿದಾಗ ಒಳಪದರಕ್ಕೊಂದು ಕೆಲಸ ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಹೋದ ಮಳೆಗಾಲ ಬಟ್ಟೆ ಒಗೆಯುವ ಮಷಿನ್‌ಗೆ ಹಾಕಿ ತೆಗೆದೆ, ನೆಲಕ್ಕೆ ಹಾಸಿದರೆ ಚಾಪೆಯಂತೆ ಬಿತ್ತು. ಅತ್ತೆ ಅಂಗೈ ಆಡಿಸಿ ನೋಡಿ, ತಮ್ಮ ಹಳೇ ಸೀರೆಯ ಗಂಟು ಬಿಚ್ಚಿ ಕೊಟ್ಟರು.

ಮಧ್ಯೆ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಹುಚ್ಚೂ ಹಿಡಿದಿತ್ತು. ಗುಳೇದಗುಡ್ಡದ ಕೆಂಪು ಖಣ ಬಿಳಿ ಧೋತರದ ಮೇಲೆ ಬಣ್ಣ ಬಿಟ್ಟು ಒಂದು ಕೌದಿ ಪೂರಾ ಗುಲಾಬಿ ಆಯಿತು. ಈಗ ಖಣ ಮೂಲೆಗೆ ಮಾತ್ರ. ಕವಂದಿಯ ಮೂಲೆಗಳಲ್ಲಿ ಬಟ್ಟೆ ಮಡಚಿ ಕೂರಿಸುವ ಹೂವಿರುತ್ತದಲ್ಲ, ಅದಿಲ್ಲದ ಕವಂದಿ ಬೆತ್ತಲೆ ಎನ್ನುತ್ತಾರೆ ಸಿದ್ದಿ ಹೆಂಗಸರು. ಆ ಹೂವಿಗೆ ಖಣ ಹೇಳಿ ಮಾಡಿಸಿದ್ದು. ಹಾಗಂತ ನನ್ನದನ್ನು ಕವಂದಿ ಎಂದು ಮಾರುವುದಿಲ್ಲ, ಅದು ಅವರ ಕಲೆ.

ದುಡ್ಡಿನ ಮಾತು. ಮಧ್ಯಾಹ್ನ ಮಾತ್ರ ಕೂತರೆ ದೊಡ್ಡದಕ್ಕೆ ಹತ್ತಿರ ಹತ್ತಿರ ತಿಂಗಳು ಹಿಡಿಯುತ್ತದೆ. ಅಂಗಡಿಯೊಂದು ಅರ್ಧಕ್ಕರ್ಧ ಕಮಿಷನ್ ಕೇಳಿತು, ಬಿಟ್ಟುಬಂದೆ. ಈಗ ನೇರವಾಗಿ ನಾಲ್ಕು ಸಾವಿರದ ಸುತ್ತ ಹೋಗುತ್ತದೆ, ಚೌಕಾಸಿ ಮಾಡಿದರೆ ಹೂವು ಕಡಿಮೆ! ತೊಟ್ಟಿಲಿಗೆ ಹಾಸುವ ಸಣ್ಣವೇ ಹೆಚ್ಚು ಲಾಭ: ವಾರದೊಳಗೆ ಮುಗಿಯುತ್ತವೆ, ಬಾಣಂತಿ ಮನೆಯವರು ರೇಟು ಕೇಳುವುದೂ ಕಡಿಮೆ.